ನಾಲ್ಕು ಲಕ್ಷದ ಆಂಪ್ಲಿಫೈಯರ್ ಕೊಳ್ಳುವ ಮೊದಲು

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮಹಡಿಯ ಮೇಲೆ 20 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯನ್ನು ಸಿನಿಮಾ ನೋಡುವುದಕ್ಕೆಂದೇ ಬಿಟ್ಟಿದ್ದೇವೆ. ಇಟ್ಟಿಗೆ ಕೆಲಸ ಮುಗಿದಿದೆ, ಗಾರೆ ಇನ್ನೂ ಆಗಿಲ್ಲ. ಮುಂದಿನ ಮೂರು ಸ್ಪೀಕರ್ ಆಗಲೇ ಕೊಂಡಿದ್ದೇನೆ. ಬ್ರೋಷರ್‌ನಲ್ಲಿ 4 ಓಮ್, 87 ಡೆಸಿಬೆಲ್ ಎಂದಿದೆ. ಆಂಪ್ಲಿಫೈಯರ್‌ಗೆ 4 ಲಕ್ಷ ಎತ್ತಿಟ್ಟಿದ್ದೇನೆ. ಒಂದು ಅಂಗಡಿಯವರು 11 ಚಾನೆಲ್, ಚಾನೆಲ್‌ಗೆ 150 ವ್ಯಾಟ್ ಇರುವುದನ್ನೇ ತಗೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಪ್ರೊಸೆಸರ್ ಬೇರೆ, ಪವರ್ ಆಂಪ್ ಬೇರೆ ಇದ್ದರೆ ಮಾತ್ರ ಅದು ಹೈ-ಎಂಡ್ ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ತಮ್ಮ, 'ಇಲ್ಲಿ ಅಗ್ಗ, ಡಿಸೆಂಬರ್‌ನಲ್ಲಿ ಬರುವಾಗ ತರ್ತೀನಿ' ಎನ್ನುತ್ತಾನೆ. ಈಗಿರುವ ಸೌಂಡ್‌ಬಾರಿನಲ್ಲಿ ಅಮ್ಮನಿಗೆ ಮಾತೇ ಸರಿಯಾಗಿ ಕೇಳಿಸುವುದಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಗಾರೆ ಇನ್ನೂ ಆಗಿಲ್ಲ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಾಲು ಅದು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಗೃಹಪ್ರವೇಶ ಮುಗಿಸಿ, ಬಣ್ಣ ಬಳಿಸಿ, ಆಮೇಲೆ ಸ್ಪೀಕರ್ ತಂತಿ ಎಲ್ಲಿಂದ ಎಳೆಯುವುದು ಎಂದು ಕೇಳುತ್ತಾರೆ. ನಿಮಗೆ ಇನ್ನೂ ಅವಕಾಶವಿದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. 4 ಲಕ್ಷವನ್ನೂ ಆಂಪ್ಲಿಫೈಯರ್ ಮೇಲೆ ಹಾಕಬೇಡಿ. 9 ಚಾನೆಲ್ (ಅಂದರೆ 9 ಸ್ಪೀಕರಿಗೆ ಆಗುವಷ್ಟು) ಆಂಪ್ ಒಳಗೇ ಇರುವ, ಆದರೆ 11 ಚಾನೆಲ್‌ವರೆಗೆ ಲೆಕ್ಕ ಹಾಕಿ ಹೊರಗೆ ಕೊಡಬಲ್ಲ, ಎಲ್ಲ ಚಾನೆಲ್‌ಗೂ ಪ್ರೀ-ಔಟ್ (ಹೊರಗಿನ ಆಂಪಿಗೆ ಸಿಗ್ನಲ್ ಕೊಡುವ ಕಿಂಡಿ) ಇರುವ, ಒಳ್ಳೆಯ ರೂಮ್ ಕರೆಕ್ಷನ್ (ಕೋಣೆ ಕೆಡಿಸಿದ ದನಿಯನ್ನು ತಿದ್ದುವ ವ್ಯವಸ್ಥೆ) ಇರುವ ಒಂದು ರಿಸೀವರ್ ತೆಗೆದುಕೊಳ್ಳಿ. ರಿಸೀವರ್ ಎಂದರೆ ದನಿಯ ಲೆಕ್ಕ ಹಾಕುವ ಪ್ರೊಸೆಸರ್, ಸ್ಪೀಕರ್ ನಡೆಸುವ ಪವರ್ ಆಂಪ್ ಎರಡೂ ಒಂದೇ ಡಬ್ಬಿಯಲ್ಲಿರುವ ಯಂತ್ರ. ಅದಕ್ಕೆ ನಿಮ್ಮ ದುಡ್ಡಿನ ಅರ್ಧ, ತಪ್ಪಿದರೆ ಅರ್ಧಕ್ಕಿಂತ ತುಸು ಹೆಚ್ಚು ಸಾಕು. ಉಳಿದದ್ದು ಕೆಳದನಿಗೆಂದೇ ಇರುವ ಸ್ಪೀಕರಾದ ಸಬ್‌ವೂಫರ್ ಎರಡಕ್ಕೆ, ಗೋಡೆಗೆ, ಕರೆಂಟಿನ ಕೆಲಸಕ್ಕೆ ಹೋಗಲಿ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ.

ವ್ಯಾಟ್‌ನಿಂದಲೇ ಶುರುಮಾಡೋಣ, ಅಂಗಡಿಯಲ್ಲಿ ಎಲ್ಲರೂ ಶುರುಮಾಡುವುದು ಅಲ್ಲಿಂದಲೇ. ಡಬ್ಬಿಯ ಮೇಲೆ 150 ವ್ಯಾಟ್ ಎಂದಿದ್ದರೆ ಅದರ ಪಕ್ಕದ ಸಣ್ಣಕ್ಷರ ಓದಬೇಕು. '8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 0.05 ಶೇಕಡಾ ಡಿಸ್ಟಾರ್ಷನ್, ಎರಡು ಚಾನೆಲ್ ನಡೆಯುವಾಗ' ಎಂದಿದ್ದರೆ ಅದು ಮರ್ಯಾದಸ್ಥ ಅಂಕಿ. '6 ಓಮ್, 1 ಕಿಲೋಹರ್ಟ್ಜ್, 10 ಶೇಕಡಾ ಡಿಸ್ಟಾರ್ಷನ್, ಒಂದು ಚಾನೆಲ್' ಎಂದಿದ್ದರೆ ಅದೇ ಯಂತ್ರದ ಅಂಕಿ ಎಷ್ಟೋ ಮೇಲಕ್ಕೆ ಹಾರಿರುತ್ತದೆ. 10 ಶೇಕಡಾ ಡಿಸ್ಟಾರ್ಷನ್ ಎಂದರೆ ದನಿ ಆಗಲೇ ಒಡೆದಿದೆ ಎಂದರ್ಥ. ಮರ್ಯಾದಸ್ಥ ಅಂಕಿಯಲ್ಲೂ 'ಎರಡು ಚಾನೆಲ್' ಎನ್ನುವುದನ್ನು ಗಮನಿಸಿ. ಒಂದೇ ಟ್ರಾನ್ಸ್‌ಫಾರ್ಮರಿನಿಂದ 11 ಚಾನೆಲ್ ನಡೆಯಬೇಕು. ಹನ್ನೊಂದೂ ಒಟ್ಟಿಗೆ ಕೇಳಿದರೆ ಪ್ರತಿಯೊಂದಕ್ಕೂ 150 ಕೊಡುವ ಶಕ್ತಿ ಅದಕ್ಕಿರುವುದಿಲ್ಲ. ಇದು ಮೋಸವೇನಲ್ಲ. ಸಿನಿಮಾದಲ್ಲಿ ಹನ್ನೊಂದೂ ಸ್ಪೀಕರ್ ಒಂದೇ ಕ್ಷಣದಲ್ಲಿ ಪೂರ್ತಿ ದನಿ ಕೇಳುವುದು ಅಪರೂಪ. ಆಂಥೆಮ್‌ನವರ ಎಂಆರ್‌ಎಕ್ಸ್ 1140 ಇದನ್ನು ಮುಚ್ಚಿಡದೆ ಹೇಳುತ್ತದೆ: ಮೊದಲ 5 ಚಾನೆಲ್‌ಗೆ 140 ವ್ಯಾಟ್, ಉಳಿದ 6ಕ್ಕೆ 60 ವ್ಯಾಟ್. ಹಿಂದಿನ ಮತ್ತು ಮೇಲಿನ ಸ್ಪೀಕರಿಗೆ ಅಷ್ಟೇ ಸಾಕು ಎಂದು ಬಲ್ಲವರು ಮಾಡಿದ ಹಂಚಿಕೆ ಅದು.

ಇನ್ನು ನಿಮಗೆ ಎಷ್ಟು ಬೇಕು? ಲೆಕ್ಕ ಹಾಕೋಣ, ಕಷ್ಟವೇನಿಲ್ಲ.

ನಿಮ್ಮ ಸ್ಪೀಕರ್ 87 ಡೆಸಿಬೆಲ್ ಎಂದಿರಿ. ಆ ಬ್ರೋಷರನ್ನು ಇನ್ನೊಮ್ಮೆ ತೆಗೆದು ನೋಡಿ, '2.83 ವೋಲ್ಟ್‌ಗೆ, 1 ಮೀಟರ್ ದೂರದಲ್ಲಿ' ಎಂದಿರುತ್ತದೆ. 8 ಓಮ್ ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ 1 ವ್ಯಾಟ್. ನಿಮ್ಮದು 4 ಓಮ್, ಅದೇ ವೋಲ್ಟಿಗೆ 2 ವ್ಯಾಟ್ ಎಳೆಯುತ್ತದೆ. ವ್ಯಾಟ್ ಎರಡರಷ್ಟಾದರೆ ದನಿ 3 ಡೆಸಿಬೆಲ್ ಏರುತ್ತದೆ. ಹಾಗಾಗಿ 1 ವ್ಯಾಟಿಗೆ ನಿಮ್ಮ ಸ್ಪೀಕರ್ ಕೊಡುವುದು 84 ಡೆಸಿಬೆಲ್, 87 ಅಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ.

ಕೂರುವ ಜಾಗ ಮುಂದಿನ ಗೋಡೆಯಿಂದ 12 ಅಡಿಗೆ ಬಂದರೆ ಸ್ಪೀಕರಿನಿಂದ ಕಿವಿಗೆ ಸುಮಾರು 11 ಅಡಿ, ಅಂದರೆ 3.35 ಮೀಟರ್. ಬಯಲಿನಲ್ಲಾದರೆ ಇಷ್ಟು ದೂರಕ್ಕೆ 10.5 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಗೋಡೆಯ ನಡುವೆ ಅದರಲ್ಲಿ ಮೂರೂವರೆಯಷ್ಟು ವಾಪಸು ಸಿಗುತ್ತದೆ ಎಂದಿಟ್ಟುಕೊಳ್ಳಿ. ಚಿತ್ರಮಂದಿರದ ಅಳತೆಗೋಲಿನ ಪ್ರಕಾರ ಒಂದೊಂದು ಚಾನೆಲ್ಲಿನ ತುತ್ತತುದಿ ದನಿ 105 ಡೆಸಿಬೆಲ್. ರಿಸೀವರಿನ ವಾಲ್ಯೂಮ್ ಸರಿಯಾಗಿ ಕ್ಯಾಲಿಬ್ರೇಟ್ ಆಗಿದ್ದರೆ '0' ಎಂದು ತೋರಿಸುವುದು ಇದನ್ನೇ. 84ರಿಂದ 105ಕ್ಕೆ ಏರಲು 21, ದೂರಕ್ಕೆ 7, ಒಟ್ಟು 28 ಡೆಸಿಬೆಲ್. ಅದಕ್ಕೆ ಬೇಕಾದದ್ದು ಸುಮಾರು 630 ವ್ಯಾಟ್. ಗಾಬರಿಯಾಗಬೇಡಿ. ಮನೆಯಲ್ಲಿ ಯಾರೂ 0ಯಲ್ಲಿ ಕೇಳುವುದಿಲ್ಲ. ನಾನು ಕೂಡಿಸಿಕೊಟ್ಟ ಮನೆಗಳಿಗೆ ಆರು ತಿಂಗಳು ಬಿಟ್ಟು ಹೋಗಿ ನೋಡಿದಾಗ ವಾಲ್ಯೂಮ್ ಸಾಮಾನ್ಯವಾಗಿ -20ರಿಂದ -12ರ ನಡುವೆ ನಿಂತಿರುತ್ತದೆ. -15ರಲ್ಲಿ ನಿಮ್ಮ ಸ್ಪೀಕರಿನ ತುತ್ತತುದಿಗೆ ಬೇಕಾಗುವುದು 20 ವ್ಯಾಟ್. -10ರಲ್ಲಿ 63. -5ಕ್ಕೆ ಹೋದರೆ 200.

ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. 105 ವ್ಯಾಟ್ ರಿಸೀವರಿಗೂ 150 ವ್ಯಾಟ್ ರಿಸೀವರಿಗೂ ದನಿಯಲ್ಲಿ ಇರುವ ವ್ಯತ್ಯಾಸ ಒಂದೂವರೆ ಡೆಸಿಬೆಲ್. ಪಕ್ಕಪಕ್ಕ ಇಟ್ಟು ಕೇಳಿಸಿದರೂ ಕಿವಿಗೆ ಅದು ಸಿಕ್ಕರೆ ಸಿಕ್ಕಿತು. -10ರವರೆಗೆ ಎರಡೂ ಸಾಕು, -5ಕ್ಕೆ ಎರಡೂ ಏದುಸಿರು ಬಿಡುತ್ತವೆ. ನಡುವಿನ ಮೆಟ್ಟಿಲಿಗೆ ಲಕ್ಷಗಟ್ಟಲೆ ಸುರಿಯುವುದರಲ್ಲಿ ಅರ್ಥವಿಲ್ಲ. ಮುಂದೊಂದು ದಿನ -5ರಲ್ಲಿ ಕೇಳಲೇಬೇಕು ಎನ್ನಿಸಿದರೆ ಆಗ ಮುಂದಿನ ಮೂರು ಸ್ಪೀಕರಿಗಷ್ಟೇ 4 ಓಮ್ ಹೊರೆಯನ್ನು ಆರಾಮಾಗಿ ಹೊರುವ ಮೂರು ಚಾನೆಲ್ಲಿನ ಪವರ್ ಆಂಪ್ ತಂದು ಪ್ರೀ-ಔಟಿಗೆ ಸಿಕ್ಕಿಸಿದರಾಯಿತು. ಪ್ರೀ-ಔಟ್ ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಈ ಬಾಗಿಲು ತೆರೆದಿರಲಿ ಎಂದೇ.

4 ಓಮ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಎಷ್ಟೋ ರಿಸೀವರುಗಳ ಮೆನುವಿನಲ್ಲಿ 'ಇಂಪೀಡೆನ್ಸ್' ಎಂದೊಂದು ಆಯ್ಕೆ ಇರುತ್ತದೆ. ಸ್ಪೀಕರ್ 4 ಓಮ್ ಎಂದು ನೀವೂ ಅಲ್ಲಿ 4 ಒತ್ತಿದರೆ ಅದು ಒಳಗಿನ ವೋಲ್ಟೇಜನ್ನು ತಗ್ಗಿಸಿ ಕೈಕಾಲು ಕಟ್ಟಿಹಾಕುತ್ತದೆ. ಯಂತ್ರ ಕಡಿಮೆ ಬಿಸಿಯಾಗುತ್ತದೆ, ಜೊತೆಗೆ ಶಕ್ತಿಯೂ ಉಡುಗುತ್ತದೆ. 8ರಲ್ಲೇ ಬಿಡಿ, ಗಾಳಿ ಚೆನ್ನಾಗಿ ಆಡುವಂತೆ ಇಡಿ. ಜೊತೆಗೆ ಸ್ಪೀಕರುಗಳನ್ನೆಲ್ಲ ಮೆನುವಿನಲ್ಲಿ 'ಸ್ಮಾಲ್' ಎಂದು ಮಾಡಿ 80 ಹರ್ಟ್ಜ್‌ನಲ್ಲಿ ಕತ್ತರಿಸಿ. ಅಷ್ಟು ದೊಡ್ಡ ಸ್ಪೀಕರಿಗೆ 'ಸ್ಮಾಲ್' ಎನ್ನುವುದು ಅವಮಾನವಲ್ಲ. 80ರ ಕೆಳಗಿನ ಭಾರವನ್ನೆಲ್ಲ ಸಬ್‌ವೂಫರ್ ತನ್ನದೇ ಆಂಪಿನಿಂದ ಹೊರುತ್ತದೆ, ರಿಸೀವರಿಗೆ ಉಸಿರಾಡಲು ಬಿಡುವಾಗುತ್ತದೆ.

ಈಗ ದುಡ್ಡು ಎಲ್ಲಿ ಕೆಲಸ ಮಾಡುತ್ತದೆ ಎನ್ನುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಕೋಣೆ 20 ಅಡಿ ಉದ್ದ, 6.1 ಮೀಟರ್. ದನಿ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಉದ್ದದ ಎರಡರಷ್ಟರಿಂದ ಅದನ್ನು ಭಾಗಿಸಿದರೆ 28. ಅಂದರೆ ನಿಮ್ಮ ಕೋಣೆ ಉದ್ದಕ್ಕೆ 28 ಹರ್ಟ್ಜ್‌ನಲ್ಲಿ, ಅಗಲಕ್ಕೆ 40ರಲ್ಲಿ, ಎತ್ತರಕ್ಕೆ 56ರಲ್ಲಿ ತಾನೇ ಗುಂಯ್‌ಗುಡುತ್ತದೆ. ಗೋಡೆಯ ಹತ್ತಿರ ಆ ದನಿ ಉಕ್ಕುತ್ತದೆ, ನಡುವೆ ಬತ್ತುತ್ತದೆ. ನಿಮ್ಮ ಸೋಫಾದ ನಡುವಿನ ಸೀಟು ಅಗಲದ ಸರಿಮಧ್ಯದಲ್ಲಿ ಬರುವುದರಿಂದ, ಒಂದೇ ಸಬ್ಬನ್ನು ಮೂಲೆಯಲ್ಲಿ ಇಟ್ಟರೆ 40 ಹರ್ಟ್ಜ್ ಆ ಸೀಟಿಗೆ ಬಡವಾಗುತ್ತದೆ, ಗೋಡೆ ಬದಿಯ ಸೀಟಿನವರಿಗೆ ಎದೆ ನಡುಗುತ್ತದೆ. ಬತ್ತಿದ ಜಾಗಕ್ಕೆ ಆಂಪಿನಿಂದ ಎಷ್ಟು ಸುರಿದರೂ ತುಂಬುವುದಿಲ್ಲ. 10 ಡೆಸಿಬೆಲ್ ಎತ್ತಲು ಹೋದರೆ ಹತ್ತರಷ್ಟು ಶಕ್ತಿ ಬೇಕು, ಅದೂ ಸಾಲದು, ಏಕೆಂದರೆ ಬಂದ ಅಲೆಯನ್ನು ಗೋಡೆಗೆ ಬಡಿದು ಮರಳಿದ ಅಲೆಯೇ ಅಳಿಸುತ್ತಿರುತ್ತದೆ.

ಇದಕ್ಕೆ ಮದ್ದು ಎರಡು ಸಬ್. ಹರ್ಮನ್ ಕಂಪನಿಯ ಟಾಡ್ ವೆಲ್ಟಿ ಎನ್ನುವ ಸಂಶೋಧಕರು ಎಷ್ಟು ಸಬ್ ಇದ್ದರೆ ಸಾಕು ಎಂದು 2002ರಲ್ಲಿ ಒಂದು ಪ್ರಬಂಧ ಮಂಡಿಸಿದ್ದರು. ಆಯತಾಕಾರದ ಕೋಣೆಯಲ್ಲಿ ಎದುರುಬದುರಿನ ಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಇಟ್ಟರೆ ಸೀಟಿನಿಂದ ಸೀಟಿಗೆ ಆಗುವ ಏರುಪೇರು ಬಹಳ ಮಟ್ಟಿಗೆ ತಗ್ಗುತ್ತದೆ ಎನ್ನುವುದು ಅಲ್ಲಿಂದ ನಮ್ಮಂಥವರಿಗೆ ಸಿಕ್ಕ ಪಾಠ. ನಿಮ್ಮಲ್ಲಿ ಪರದೆಯ ಕೆಳಗೆ ಮುಂದಿನ ಗೋಡೆಯ ನಡುವೆ ಒಂದು, ಅದಕ್ಕೆ ಸರಿಯಾಗಿ ಹಿಂದಿನ ಗೋಡೆಯ ನಡುವೆ ಇನ್ನೊಂದು. ಎರಡೂ ಒಂದೇ ಮಾದರಿಯವಾಗಿರಲಿ. ಈಗಿನ ಎಷ್ಟೋ ಒಳ್ಳೆಯ ರಿಸೀವರುಗಳಲ್ಲಿ ನಾಲ್ಕು ಸಬ್ ಔಟ್‌ಪುಟ್ ಇವೆ, ಪ್ರತಿಯೊಂದಕ್ಕೂ ಬೇರೆಬೇರೆ ದೂರ, ಬೇರೆಬೇರೆ ಮಟ್ಟ ಕೊಡಬಹುದು. ಹಿಂದೆ ಎರಡು ಔಟ್‌ಪುಟ್ ಎಂದು ಬರೆದು ಒಳಗೆ ಒಂದನ್ನೇ ಕವಲೊಡೆಸಿ ಕೊಡುತ್ತಿದ್ದುದೂ ಉಂಟು; ಸೆಕೆಂಡ್‌ಹ್ಯಾಂಡ್ ನೋಡುವುದಾದರೆ ಇದನ್ನು ಕೇಳಿ ತಿಳಿಯಿರಿ.

ಇಲ್ಲಿಂದಲೇ ರೂಮ್ ಕರೆಕ್ಷನ್ ಮಾತು ಬರುತ್ತದೆ. ಡಬ್ಬಿಯಲ್ಲಿ ಬರುವ ಪುಟ್ಟ ಮೈಕನ್ನು ಕಿವಿಯ ಎತ್ತರಕ್ಕೆ ಕಟ್ಟಿ, ಎಂಟೊಂಬತ್ತು ಜಾಗದಲ್ಲಿ ಅಳೆದು, ಕೋಣೆ ಕೆಡಿಸಿದ್ದನ್ನು ಯಂತ್ರವೇ ತಿದ್ದುವ ವ್ಯವಸ್ಥೆ ಅದು. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ ಬರುತ್ತದೆ. ಮೇಲಿನ ದರ್ಜೆಯ ಮಾದರಿಗಳಿಗೆ ಬೇರೆ ದುಡ್ಡು ಕೊಟ್ಟು ಡಿರಾಕ್ ಲೈವ್ ಹಾಕಿಸಬಹುದು. ಆಂಥೆಮ್‌ನದು ತನ್ನದೇ ಎಆರ್‌ಸಿ, ಯಮಾಹಾದ್ದು ವೈಪಿಎಒ. ನಾನು ಕೇಳಿ ಅಳೆದು ಕಂಡುಕೊಂಡಂತೆ ಕೆಳದನಿಯನ್ನು ಹದ್ದುಬಸ್ತಿಗೆ ತರುವುದರಲ್ಲಿ ಡಿರಾಕ್ ಮತ್ತು ಎಆರ್‌ಸಿ ಮುಂದೆ. ಆಂಪ್ಲಿಫೈಯರ್ ಬದಲಿಸಿದಾಗ ಆಗುವ ವ್ಯತ್ಯಾಸಕ್ಕಿಂತ ಇದರ ವ್ಯತ್ಯಾಸ ದೊಡ್ಡದು, ಯಾರಿಗೂ ಹೇಳಿಕೊಡದೆ ಕೇಳಿಸುವಷ್ಟು ದೊಡ್ಡದು. ಮೈಕನ್ನು ಸೋಫಾದ ಒರಗಿನ ಮೇಲೆ ಕೂರಿಸಿ ಅಳೆಯಬೇಡಿ, ಒಂದು ಕ್ಯಾಮೆರಾ ಸ್ಟ್ಯಾಂಡ್ ತನ್ನಿ. ಅಳೆಯುವಾಗ ಫ್ಯಾನ್ ಆರಿಸಿ, ಕೆಳಗಡೆ ಮಿಕ್ಸಿ ಹಾಕಬೇಡಿ ಎಂದು ಮನೆಯವರಿಗೆ ಹೇಳಿರಿ.

ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ಅಮ್ಮನ ಮಾತಿಗೆ ನಾನು ಮೊದಲ ಮಣೆ ಹಾಕುತ್ತೇನೆ. 'ಮಾತು ಕೇಳಲ್ಲ, ಹಾಡು ಬಂದ್ರೆ ಕಿವಿಗೆ ಬಡಿಯತ್ತೆ' ಎನ್ನುವ ದೂರು ಹತ್ತು ಮನೆಯಲ್ಲಿ ಎಂಟು ಮನೆಯದು. ಅದಕ್ಕೆ ವ್ಯಾಟ್ ಪರಿಹಾರವಲ್ಲ. ಮಾತು ಬಹುಪಾಲು ಬರುವುದು ಸೆಂಟರ್ ಸ್ಪೀಕರಿನಿಂದ. ನಮ್ಮ ಕಡೆ ಬಡಗಿಗಳು ಟಿವಿ ಕೆಳಗೆ ಅಂದವಾಗಿ ಒಂದು ಗೂಡು ಮಾಡಿ ಅದರೊಳಗೆ ಸೆಂಟರನ್ನು ಹಿಂದಕ್ಕೆ ತಳ್ಳಿಬಿಡುತ್ತಾರೆ.

ತೀರ್ಥಹಳ್ಳಿಯ ಒಂದು ಮನೆಗೆ ಹೋಗಿದ್ದೆ. ಎಪ್ಪತ್ತೈದು ದಾಟಿದ ಅಜ್ಜಿ, ಹಳೆಯ ಚಿತ್ರಗಳೆಂದರೆ ಪ್ರಾಣ. ಮಗ ರಿಸೀವರ್ ಬದಲಿಸಲು ಹೊರಟಿದ್ದ. ನಾನು ಮಾಡಿದ್ದಿಷ್ಟೇ: ಸೆಂಟರನ್ನು ಗೂಡಿನಿಂದ ಎಂಟು ಇಂಚು ಮುಂದಕ್ಕೆ ಎಳೆದು ಅಂಚಿಗೆ ತಂದೆ. ಮುಂಭಾಗದ ಕೆಳಗೆ ರಬ್ಬರಿನ ಎರಡು ತುಂಡು ಇಟ್ಟು ಮೂತಿಯನ್ನು ಅಜ್ಜಿಯ ಕಿವಿಯತ್ತ ತುಸು ಮೇಲೆತ್ತಿದೆ. ಆಡಿಸ್ಸಿಯಲ್ಲಿ 2 ಕಿಲೋಹರ್ಟ್ಜ್ ಸುತ್ತ ಬೇಕೆಂದೇ ಒಂದು ಸಣ್ಣ ತಗ್ಗು ಮಾಡುವ 'ಮಿಡ್‌ರೇಂಜ್ ಕಾಂಪೆನ್ಸೇಷನ್' ಎಂಬುದಿದೆ. ಮಾತಿನ ಸ್ಪಷ್ಟತೆ ಕೂತಿರುವುದು ಆ ಆಸುಪಾಸಿನಲ್ಲೇ. ಮೊಬೈಲ್ ಆ್ಯಪಿನಿಂದ ಅದನ್ನು ಆಫ್ ಮಾಡಿದೆ. ಸೆಂಟರ್ ಮಟ್ಟ 2 ಡೆಸಿಬೆಲ್ ಏರಿಸಿದೆ. ಸೋಫಾದ ಮುಂದಿನ ಬರಿ ನೆಲಕ್ಕೆ ಒಳಗಿಂದ ಜಮಖಾನೆ ತಂದು ಹಾಸಲು ಹೇಳಿದೆ. ಅಜ್ಜಿ ಹತ್ತು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ ರಿಮೋಟ್ ತೆಗೆದುಕೊಂಡು ವಾಲ್ಯೂಮನ್ನು ತಾವೇ ಇಳಿಸಿದರು. ಆ ರಿಸೀವರ್ ಇನ್ನೂ ಅದೇ ಇದೆ.

ಹಳೆಯ ಚಿತ್ರಗಳ ಮಾತು ಬಂತಲ್ಲ, ಅಂಗಡಿಯಲ್ಲಿ ಯಾರೂ ಹೇಳದ ಸಂಗತಿಯೊಂದಿದೆ. ರಾಜ್‌ಕುಮಾರ್ ಅವರ ಕಪ್ಪುಬಿಳುಪು ಕಾಲದ ಚಿತ್ರಗಳ ಧ್ವನಿ ಮೋನೋ. ಅವಕ್ಕೆ 11 ಚಾನೆಲ್ ಬೇಡ. ರಿಸೀವರಿನಲ್ಲಿ 'ಡಾಲ್ಬಿ ಸರೌಂಡ್' ಆಯ್ಕೆ ಮಾಡಿದರೆ ಎಡಬಲ ಎರಡರಲ್ಲೂ ಒಂದೇ ಇರುವ ದನಿ ಸೆಂಟರಿನಲ್ಲಿ ಬಂದು ಕೂರುತ್ತದೆ, ಮಾತು ಪರದೆಯ ನಡುವಿನಿಂದಲೇ ಬರುತ್ತದೆ. 'ಆಲ್ ಚಾನೆಲ್ ಸ್ಟೀರಿಯೋ' ಒತ್ತಿ ಅದನ್ನು ಹನ್ನೊಂದು ಸ್ಪೀಕರಿಗೆ ಹಂಚಿದರೆ ಮಾತು ಕಲಸಿಹೋಗುತ್ತದೆ. ಈಗಿನ ಚಿತ್ರಗಳದ್ದು ಬೇರೆ ಕಥೆ. ತಲೆಯ ಮೇಲಿನಿಂದಲೂ ದನಿ ತರುವ ಡಾಲ್ಬಿ ಅಟ್ಮಾಸ್ ಚಿತ್ರಮಂದಿರಕ್ಕೆ ಬಂದದ್ದು 2012ರಲ್ಲಿ, ಮನೆಯ ರಿಸೀವರಿಗೆ 2014ರಲ್ಲಿ. ಒಟಿಟಿಯಲ್ಲಿ ಬರುವ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಒತ್ತಿ ಕುಗ್ಗಿಸಿದ ರೂಪದಲ್ಲಿರುತ್ತದೆ. ಬ್ಲೂರೇ ತಟ್ಟೆಯಲ್ಲಿ ಟ್ರೂಎಚ್‌ಡಿ, ಏನೂ ಕಳೆದಿರುವುದಿಲ್ಲ. ನೀವು ತಟ್ಟೆ ಕೊಳ್ಳುವವರಲ್ಲದಿದ್ದರೆ ಟಿವಿಯಿಂದ ರಿಸೀವರಿಗೆ ಮಾಮೂಲಿ ಎಆರ್‌ಸಿಯಲ್ಲೂ (ಇದು ಆಂಥೆಮ್‌ನ ಎಆರ್‌ಸಿ ಅಲ್ಲ, ಟಿವಿಯ ದನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ರಿಸೀವರಿಗೆ ತರುವ ದಾರಿ) ಒಟಿಟಿಯ ಅಟ್ಮಾಸ್ ಬರುತ್ತದೆ. ಅದರ ಸುಧಾರಿತ ರೂಪವಾದ ಇಎಆರ್‌ಸಿ ಇದ್ದರೆ ಒಳ್ಳೆಯದು, ಈಗ ಹೆಚ್ಚುಕಮ್ಮಿ ಎಲ್ಲ ಹೊಸ ರಿಸೀವರಿನಲ್ಲೂ ಇರುತ್ತದೆ, ಅದರ ಹೆಸರಿನಲ್ಲಿ ಹೆಚ್ಚು ದುಡ್ಡು ಕೊಡಬೇಡಿ. 8ಕೆ ಎನ್ನುವುದಕ್ಕೂ ಇದೇ ಮಾತು. ಮಕ್ಕಳು ಪ್ಲೇಸ್ಟೇಷನ್ 5 ಥರದ್ದು ಆಡುವವರಾದರೆ 4ಕೆ 120 ಹರ್ಟ್ಜ್ ಹಾಯಿಸುವ ಎಚ್‌ಡಿಎಂಐ 2.1 ಪೋರ್ಟ್ ಎಷ್ಟಿವೆ ಎಂದಷ್ಟೇ ನೋಡಿ. 2020ರ ಸುಮಾರಿಗೆ ಬಂದ ಮೊದಲ ತಂಡದ ಕೆಲವು ರಿಸೀವರುಗಳಲ್ಲಿ ಆ ಚಿಪ್ಪಿನದೇ ದೋಷವಿತ್ತು, ಆದ್ದರಿಂದ ಹಳೆಯ ಸ್ಟಾಕು ಬೇಡ.

ಪ್ರೊಸೆಸರ್ ಬೇರೆ, ಪವರ್ ಆಂಪ್ ಬೇರೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನನ್ನ ಮನೆಯ ಪವರ್ ಆಂಪಿಗೆ ಹತ್ತಿರಹತ್ತಿರ ಇಪ್ಪತ್ತು ವರ್ಷ, ಒಮ್ಮೆ ಕೆಪಾಸಿಟರ್ ಬದಲಿಸಿದ್ದು ಬಿಟ್ಟರೆ ಇನ್ನೇನೂ ಕೇಳಿಲ್ಲ. ಅಷ್ಟರಲ್ಲಿ ಅದರ ಮುಂದೆ ಕೂತು ಲೆಕ್ಕ ಹಾಕುವ ಯಂತ್ರವನ್ನು ನಾಲ್ಕು ಸಲ ಬದಲಿಸಿದ್ದೇನೆ, ಎಚ್‌ಡಿಎಂಐ ಬದಲಾಯಿತು, ಅಟ್ಮಾಸ್ ಬಂತು. ಬಾಳುವುದು ಪವರ್ ಆಂಪ್, ಬೇಗ ಹಳತಾಗುವುದು ಪ್ರೊಸೆಸರ್. ಬೇಗ ಹಳತಾಗುವ ಭಾಗಕ್ಕೇ ನಿಮ್ಮ 4 ಲಕ್ಷದ ಸಿಂಹಪಾಲು ಹೋಗುವುದಾದರೆ ಅದು ನನಗೆ ಸರಿಕಾಣುವುದಿಲ್ಲ. ನೀವು ಕೊಳ್ಳುವ ರಿಸೀವರಿನಲ್ಲಿ 'ಪ್ರೀಆಂಪ್ ಮೋಡ್' ಇದ್ದರೆ ಬೇಕಾದ ಚಾನೆಲ್ಲಿನ ಒಳಗಿನ ಆಂಪನ್ನು ಕಳಚಿಟ್ಟು ಅದನ್ನೇ ಪ್ರೊಸೆಸರಿನ ಹಾಗೆ ನಡೆಸಬಹುದು. ನಾಳೆ ಪವರ್ ಆಂಪ್ ತಂದರೆ ಇಂದಿನ ದುಡ್ಡು ದಂಡವಾಗುವುದಿಲ್ಲ.

ಮಾದರಿಯ ಹೆಸರು ಹೇಳಿ ಎಂದರೆ, ಡೆನಾನ್ ಎಕ್ಸ್3800ಎಚ್ (9 ಚಾನೆಲ್, 105 ವ್ಯಾಟ್) ಮತ್ತು ಮರಾಂಟ್ಜ್ ಸಿನಿಮಾ 50 (9 ಚಾನೆಲ್, 110 ವ್ಯಾಟ್) ಎರಡೂ ನಾನು ಹೇಳಿದ ಷರತ್ತುಗಳನ್ನೆಲ್ಲ ಪೂರೈಸುತ್ತವೆ. ಎರಡರದ್ದೂ ಒಳಗಿನ ಬುದ್ಧಿ ಹೆಚ್ಚುಕಮ್ಮಿ ಒಂದೇ. ಆಂಥೆಮ್ ಎಂಆರ್‌ಎಕ್ಸ್ 740 ಒಳಗೆ 7 ಆಂಪ್, ಹೊರಗೆ 11 ಪ್ರೀ-ಔಟ್; ಏಳಕ್ಕಿಂತ ಹೆಚ್ಚಿನ ಸ್ಪೀಕರಿಗೆ ಬೇರೆ ಆಂಪ್ ಬೇಕಾಗುತ್ತದೆ, ಆದರೆ ಎಆರ್‌ಸಿ ಬಲು ಚೆಂದ. ನಿಮ್ಮ ಕೋಣೆಯಲ್ಲಿ ಸೋಫಾ ಹಿಂದೆ 8 ಅಡಿ ಜಾಗ ಉಳಿಯುವುದರಿಂದ 7 ಸುತ್ತ, 4 ಮೇಲೆ ಎನ್ನುವ ವಿನ್ಯಾಸಕ್ಕೆ ಅವಕಾಶವಿದೆ. ಶುರುವಿಗೆ 5 ಸುತ್ತ, 4 ಮೇಲೆ ಇರಲಿ. ಅದಕ್ಕೆ 9 ಚಾನೆಲ್ ಸರಿಹೋಗುತ್ತದೆ. ಹಿಂದಿನ ಎರಡಕ್ಕೆ ತಂತಿ ಮಾತ್ರ ಈಗಲೇ ಎಳೆಸಿಡಿ. ಸೋಫಾ ಗೋಡೆಗೆ ಒರಗಿರುವ ಮನೆಯವರಿಗೆ ನಾನು 7 ಬೇಡವೇ ಬೇಡ ಎನ್ನುತ್ತೇನೆ.

ತಮ್ಮನಿಗೆ ಪ್ರೀತಿಯಿಂದಲೇ ಬೇಡ ಎಂದುಬಿಡಿ. ಅಮೆರಿಕದಲ್ಲಿ ಮಾರುವ ರಿಸೀವರ್ 120 ವೋಲ್ಟಿನದು, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡುತ್ತೇನೆ ಎನ್ನುತ್ತಾರೆ ಎಲ್ಲರೂ. ಅದು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಅಲ್ಲಿ 60 ಹರ್ಟ್ಜ್, ಇಲ್ಲಿ 50. 60ಕ್ಕೆಂದು ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ. ಮೇಲಾಗಿ ಆ ಸ್ಟೆಪ್‌ಡೌನ್ ಪೆಟ್ಟಿಗೆಯೇ ಸದ್ದಿಲ್ಲದ ಕೋಣೆಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ವಾರಂಟಿ ಕೊಂಡ ದೇಶಕ್ಕೆ ಸೀಮಿತ. 12-15 ಕಿಲೋದ ಯಂತ್ರ ಲಗೇಜಿನಲ್ಲಿ ಎತ್ತಿ ಎಸೆಯಿಸಿಕೊಂಡು ಬರಬೇಕು. ತರುವುದಾದರೆ ಅವರು ಅಳತೆಗೆ ಬಳಸುವ ಒಂದು ಯುಎಸ್‌ಬಿ ಮೈಕ್ ತರಲಿ, ಅದು ಜೇಬಿನಲ್ಲಿ ಹಿಡಿಯುತ್ತದೆ.

ಈಗ ಮಲೆನಾಡಿನ ಸಮಾಚಾರ. ನಿಮ್ಮ ಊರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಸಂಜೆಯಾದರೆ ಗುಡುಗು. ನಾನು ರಿಪೇರಿಗೆ ನೋಡಿದ ರಿಸೀವರುಗಳಲ್ಲಿ ಆಂಪ್ ಸುಟ್ಟದ್ದು ಕಡಿಮೆ, ಎಚ್‌ಡಿಎಂಐ ಬೋರ್ಡ್ ಸತ್ತದ್ದು ಹೆಚ್ಚು. ಸಿಡಿಲಿನ ವೋಲ್ಟೇಜು ಚಾವಣಿಯ ಡಿಶ್ ಕೇಬಲ್ಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ರಿಸೀವರಿಗೆ ನುಗ್ಗುತ್ತದೆ. ಪ್ಲಗ್ ಕಿತ್ತಿಟ್ಟೆ ಎಂದು ನೆಮ್ಮದಿಯಿಂದ ಇರುತ್ತಾರೆ, ಡಿಶ್ ಕೇಬಲ್ ಸಿಕ್ಕಿಸಿಯೇ ಇರುತ್ತದೆ. ಎರಡನ್ನೂ ಕೀಳಬೇಕು. ಸಾಧ್ಯವಾದರೆ ಆ ಕೋಣೆಗೆ ಡಿಶ್ ತರಲೇಬೇಡಿ; ಫೈಬರ್ ಇಂಟರ್‌ನೆಟ್ ಇದ್ದರೆ ಅದು ಗಾಜಿನ ಎಳೆ, ಸಿಡಿಲನ್ನು ಹೊತ್ತು ತರುವುದಿಲ್ಲ. ಮನೆಯ ಕರೆಂಟನ್ನು ಹಂಚುವ ಡಿಬಿ ಪೆಟ್ಟಿಗೆಯಲ್ಲಿ ಒಂದು ಸರ್ಜ್ ಪ್ರೊಟೆಕ್ಷನ್ ಸಾಧನ (ಥಟ್ಟನೆ ಏರುವ ವೋಲ್ಟೇಜನ್ನು ತಡೆಯುವಂಥದ್ದು) ಹಾಕಿಸಿ, ಅರ್ಥಿಂಗ್ ಸರಿಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ ಎನ್ನುವುದನ್ನು ಎಲೆಕ್ಟ್ರಿಷಿಯನ್‌ಗೆ ಒತ್ತಿ ಹೇಳಿ. ಕೋಣೆಗೆ ಡಿಬಿಯಿಂದ ನೇರವಾಗಿ, ಬೇರೆ ಎಂಸಿಬಿಯಲ್ಲಿ, 4 ಚದರ ಮಿಲಿಮೀಟರ್ ತಂತಿಯ 16 ಆಂಪಿಯರ್ ಲೈನ್ ಒಂದು ಬರಲಿ. ಎಸಿ ಅದರಲ್ಲಿ ಸೇರದಿರಲಿ.

ಇನ್ನೊಂದು, ಹಲ್ಲಿ. ನಗಬೇಡಿ. ಬೆಚ್ಚಗಿರುವ ಕಡೆ ಅದು ಬಂದು ಮಲಗುತ್ತದೆ, ರಿಸೀವರಿನ ಮೇಲಿನ ಸೀಳುಗಳು ಅದಕ್ಕೆ ಸಲೀಸು ದಾರಿ. ಮುಚ್ಚಳ ಬಿಚ್ಚಿದಾಗ ಪವರ್ ಸಪ್ಲೈ ಬೋರ್ಡಿನ ಮೇಲೆ ಅಡ್ಡಲಾಗಿ ಒಣಗಿದ್ದ ಹಲ್ಲಿಯನ್ನು ನಾನೇ ಇಕ್ಕಳದಿಂದ ತೆಗೆದಿದ್ದೇನೆ, ಅದರಡಿಯ ತಾಮ್ರದ ಗೆರೆ ಕರಿದಾಗಿ ಎದ್ದುಹೋಗಿತ್ತು. ಯಂತ್ರವನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಬೇಯುತ್ತದೆ, ತೆರೆದಿಟ್ಟರೆ ಹಲ್ಲಿ. ನಾನು ಮಾಡಿಸುವುದು ಹೀಗೆ: ಹಿಂದೆ ಮುಂದೆ ತೆರೆದ ರ‍್ಯಾಕು, ಮೇಲೆ ಒಂದು ಗೇಣು ಖಾಲಿ, ಸುತ್ತ ಸೊಳ್ಳೆಪರದೆಯಂಥ ಸ್ಟೀಲ್ ಜಾಲರಿಯ ಚೌಕಟ್ಟು. ಜಾಲರಿ ಯಂತ್ರಕ್ಕೆ ತಾಗದಿರಲಿ. ತಿಂಗಳಿಗೊಮ್ಮೆ ದೂಳು ಹೊಡೆಯಿರಿ.

ಕೋಣೆಯ ಗೋಡೆ, ನೆಲ. ಗ್ರಾನೈಟೋ ವಿಟ್ರಿಫೈಡ್ ಟೈಲೋ ಹಾಕಿ ಗೋಡೆಯನ್ನು ಬರಿದೇ ಬಿಟ್ಟರೆ ಅದು ಕಲ್ಯಾಣ ಮಂಟಪದ ಹಾಗೆ ಮೊಳಗುತ್ತದೆ. ಎರಡು ಪಕ್ಕದ ಗೋಡೆಗಳಲ್ಲಿ, ಕೂತಲ್ಲಿಂದ ನೋಡಿದಾಗ ಸ್ಪೀಕರ್ ಪ್ರತಿಬಿಂಬಿಸುವ ಜಾಗದಲ್ಲಿ (ಒಬ್ಬರು ಕನ್ನಡಿ ಹಿಡಿದು ಗೋಡೆಯುದ್ದಕ್ಕೂ ಸರಿಸಿದರೆ ಆ ಜಾಗ ಸಿಗುತ್ತದೆ) ಬಟ್ಟೆ ಹೊದಿಸಿದ ರಾಕ್‌ವೂಲ್ ಹಲಗೆ ಹಾಕಿಸಿ. 2 ಇಂಚು ದಪ್ಪ ಕನಿಷ್ಠ, 4 ಆದರೆ ಉತ್ತಮ. ಮೊಟ್ಟೆ ಟ್ರೇಯಿಂದ ಏನೂ ಆಗುವುದಿಲ್ಲ.

ಇನ್ನು ಈ ವಾರವೇ ಆಗಬೇಕಾದ ಕೆಲಸ. ರ‍್ಯಾಕಿನ ಜಾಗದಿಂದ ಪ್ರತಿ ಸ್ಪೀಕರಿಗೂ ಒಂದೊಂದು ಕಾಂಡ್ಯೂಟ್ ಪೈಪು, ಎರಡೂ ಸಬ್‌ಗಳ ಜಾಗಕ್ಕೆ ಸಿಗ್ನಲ್ ಕೇಬಲ್ಲಿನ ಪೈಪು ಮತ್ತು ಒಂದು ಪ್ಲಗ್. ಸ್ಪೀಕರಿಗೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು, ಬಂಗಾರದ ಬೆಲೆಯ ಕೇಬಲ್ ಬೇಡ. ಕರೆಂಟಿನ ತಂತಿಯ ಪೈಪಿನಲ್ಲಿ ಇದನ್ನು ತೂರಿಸಲು ಬಿಡಬೇಡಿ. ಪ್ರೊಜೆಕ್ಟರ್ ಇಡುವ ಕಡೆಗೆ 2 ಇಂಚಿನ ಪೈಪು ಇರಲಿ, ಎಲ್ಲೂ ಮೊಣಕೈಯಂತೆ ಥಟ್ಟನೆ ತಿರುಗದಿರಲಿ. ಎಚ್‌ಡಿಎಂಐ ಮೂತಿ ಅಗಲವಾದದ್ದು, ಸಣ್ಣ ಪೈಪಿನಲ್ಲಿ ಸಿಕ್ಕಿಕೊಂಡರೆ ಮುಂದಕ್ಕೂ ಬರುವುದಿಲ್ಲ ಹಿಂದಕ್ಕೂ ಬರುವುದಿಲ್ಲ. ಮೇಲಿನ ನಾಲ್ಕು ಸ್ಪೀಕರಿಗೆ ಜಾಗ ಗುರುತಿಸುವುದು ಸುಲಭ. ಕೂತಾಗ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ, ಚಾವಣಿ 10 ಅಡಿ, ನಡುವೆ ಆರೂವರೆ. ಡಾಲ್ಬಿಯವರು ಹೇಳುವ 45 ಡಿಗ್ರಿ ಕೋನಕ್ಕೆ ಸೀಟಿನಿಂದ ಆರೂವರೆ ಅಡಿ ಮುಂದೆ ಎರಡು, ಆರೂವರೆ ಅಡಿ ಹಿಂದೆ ಎರಡು. ಫಾಲ್ಸ್ ಸೀಲಿಂಗ್ ಹಾಕಿಸುವುದಾದರೆ ಅದರ ಎತ್ತರ ಹಿಡಿದು ಇದೇ ಲೆಕ್ಕ ಮತ್ತೆ ಹಾಕಿ.

ಪೈಪು ಕೂತ ಮೇಲೆ, ಗಾರೆಯವರು ಬರುವ ಮುಂಚೆ, ಪ್ರತಿ ಗೋಡೆಗೂ ಅಳತೆ ಪಟ್ಟಿಯನ್ನು ನೆಲದಿಂದ ಮೇಲಕ್ಕೆ ಹಿಡಿಸಿ, ಅಂಕಿ ಕಾಣುವಂತೆ ಫೋಟೊ ತೆಗೆದು ಇಟ್ಟುಕೊಳ್ಳಿ. ಪರದೆಗೆ ಮೊಳೆ ಹೊಡೆಯುವ ದಿನ ಅದು ಬೇಕಾಗುತ್ತದೆ.